ಬಾಕಿ ಪಟ್ಟಿ ಒಂದೇ ಬಟನ್‌ನಲ್ಲಿ: ಎಕ್ಸೆಲ್ ಮ್ಯಾಕ್ರೋದಿಂದ ಫಿಲ್ಟರ್, ಸಾರ್ಟ್ ಮಾಡಿಸುವುದು

ಚಿಕ್ಕಪೇಟೆಯ ಒಂದು ಹೋಲ್‌ಸೇಲ್ ಬಟ್ಟೆ ಅಂಗಡಿ ಎಂದುಕೊಳ್ಳಿ. ಬೆಳಿಗ್ಗೆ ಕಲೆಕ್ಷನ್‌ಗೆ ಹೊರಡುವ ಹುಡುಗನ ಕೈಗೆ ಒಂದು ಪಟ್ಟಿ ಕೊಡಬೇಕು: ಇವತ್ತು ಮಲ್ಲೇಶ್ವರ ಲೈನ್, 30 ದಿನ ದಾಟಿದ ಬಿಲ್ಲುಗಳು ಮಾತ್ರ, ತೀರಾ ಹಳೆಯದು ಮೇಲೆ. ಎಕ್ಸೆಲ್‌ನಲ್ಲಿ ಇದು ಹತ್ತು ಹನ್ನೆರಡು ಕ್ಲಿಕ್ಕಿನ ಕೆಲಸ. ನಾಳೆ ರಾಜಾಜಿನಗರಕ್ಕೆ ಮತ್ತೆ ಅದೇ ಕ್ಲಿಕ್ಕುಗಳು. ಗಡಿಬಿಡಿಯಲ್ಲಿ ನಿನ್ನೆಯ ಫಿಲ್ಟರ್ ತೆಗೆಯುವುದು ಮರೆತರೆ ಅರ್ಧ ಬಾಕಿ ಪಟ್ಟಿಯಲ್ಲೇ ಬರುವುದಿಲ್ಲ, ಅದು ಯಾರಿಗೂ ಗೊತ್ತಾಗುವುದೂ ಇಲ್ಲ. ಈ ಕೆಲಸವನ್ನು ಮ್ಯಾಕ್ರೋಗೆ, ಅಂದರೆ ಈ ಕ್ಲಿಕ್ಕುಗಳನ್ನೆಲ್ಲ ತಾನೇ ಮಾಡುವ ಪುಟ್ಟ ಪ್ರೋಗ್ರಾಂಗೆ, ಒಪ್ಪಿಸುವ ವಿಧಾನ ಇಲ್ಲಿದೆ.

ಕೋಡ್ ಬರೆದು ಗೊತ್ತಿಲ್ಲದವರೂ ಇದನ್ನು ಮಾಡಬಹುದು. ಎಕ್ಸೆಲ್‌ನಲ್ಲಿರುವ ರೆಕಾರ್ಡರ್ ನೀವು ಮಾಡಿದ ಕ್ಲಿಕ್ಕುಗಳನ್ನು ನೋಡಿ ತಾನೇ ಕೋಡ್ ಬರೆದುಕೊಡುತ್ತದೆ. ಆದರೆ ಅದು ಬರೆದಂತೆಯೇ ಬಿಟ್ಟರೆ ವಾರದೊಳಗೆ ಕೈಕೊಡುತ್ತದೆ, ಏಕೆಂದರೆ ನೀವು ಅವತ್ತು ಆರಿಸಿದ ಏರಿಯಾ, ಅವತ್ತಿನ ತಾರೀಖು, ಅವತ್ತು ಎದುರಿಗಿದ್ದ ಶೀಟ್ ಎಲ್ಲವನ್ನೂ ಅದು ಶಾಶ್ವತವೆಂಬಂತೆ ಬರೆದಿಟ್ಟಿರುತ್ತದೆ. ಆ ಅಂಟುಗಳನ್ನು ಬಿಡಿಸುವುದೇ ನಿಜವಾದ ಕೆಲಸ.

ಒಂದು ಸೂಚನೆ. ಕೋಡ್‌ನ ಪದಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಎಡಿಟರ್‌ನಲ್ಲಿ (ಕೋಡ್ ತಿದ್ದುವ ಕಿಟಕಿಯಲ್ಲಿ) ಅವು ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು. ಹೆಚ್ಚಿನ ಪದಗಳನ್ನು ರೆಕಾರ್ಡರ್ ಬರೆದೇ ಇಟ್ಟಿರುತ್ತದೆ, ನೀವು ನಕಲು ಮಾಡಿದರೆ ಸಾಕು. ಕಾಗುಣಿತದಲ್ಲಿ ಅನುಮಾನ ಬಂದರೆ ಮೊದಲ ಮೂರು ಅಕ್ಷರ ಹೊಡೆದು ಕಂಟ್ರೋಲ್ ಜೊತೆ ಸ್ಪೇಸ್‌ಬಾರ್ ಒತ್ತಿ, ಪದ ತಾನಾಗಿ ಪೂರ್ತಿಯಾಗುತ್ತದೆ ಅಥವಾ ಪಟ್ಟಿ ತೆರೆದುಕೊಳ್ಳುತ್ತದೆ.

ಮೊದಲು ಡೇಟಾ ಹದ ಮಾಡಿ

ಮ್ಯಾಕ್ರೋ ಕೆಟ್ಟಿತು ಎಂದು ದೂರುವವರಲ್ಲಿ ಬಹುಪಾಲು ಮಂದಿಯ ಮ್ಯಾಕ್ರೋ ಸರಿಯಾಗಿಯೇ ಇರುತ್ತದೆ, ಪಟ್ಟಿ ಕೊಳಕಾಗಿರುತ್ತದೆ. ಹಾಗಾಗಿ ಈ ಭಾಗಕ್ಕೆ ಅರ್ಧ ದಿನ ಕೊಟ್ಟರೂ ನಷ್ಟವಿಲ್ಲ.

ನಮ್ಮ ಪಟ್ಟಿಯಲ್ಲಿ ಏಳು ಕಾಲಮ್: ದಿನಾಂಕ, ಬಿಲ್ ನಂಬರ್, ಅಂಗಡಿ, ಏರಿಯಾ, ಮೊತ್ತ, ಬಂದದ್ದು, ಬಾಕಿ. ತಲೆಬರಹ ಒಂದೇ ಸಾಲಿನಲ್ಲಿರಲಿ. ಮಧ್ಯೆ ಖಾಲಿ ಸಾಲು ಬೇಡ. ತಿಂಗಳ ಕೊನೆಗೊಂದು "ಒಟ್ಟು" ಎಂಬ ಸಾಲು ಸೇರಿಸುವ ಅಭ್ಯಾಸವಿದ್ದರೆ ಬಿಡಿ. ಸಾರ್ಟ್ ಮಾಡಿದ ತಕ್ಷಣ ಅದು ಬಿಲ್ಲುಗಳ ನಡುವೆ ಎಲ್ಲೋ ಹೋಗಿ ಕೂರುತ್ತದೆ. ಮರ್ಜ್ ಮಾಡಿದ ಸೆಲ್‌ಗಳನ್ನು ಬಿಡಿಸಿ, ಅವು ಒಂದೇ ಅಳತೆಯವಲ್ಲದಿದ್ದರೆ ಎಕ್ಸೆಲ್ ಸಾರ್ಟ್ ಮಾಡಲು ಒಪ್ಪುವುದೇ ಇಲ್ಲ.

ದಿನಾಂಕ ನೋಡಿ. ಸೆಲ್‌ನಲ್ಲಿ ಎಡಕ್ಕೆ ಅಂಟಿಕೊಂಡಿದ್ದರೆ ಅದು ಬಹುಮಟ್ಟಿಗೆ ದಿನಾಂಕವಲ್ಲ, ದಿನಾಂಕದಂತೆ ಕಾಣುವ ಅಕ್ಷರಗಳು. ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ತಂದ ಪಟ್ಟಿಗಳಲ್ಲಿ ಇದು ತೀರಾ ಸಾಮಾನ್ಯ. ಕಾಲಮ್ ಆರಿಸಿ ಡೇಟಾ ಟ್ಯಾಬ್‌ನ ಟೆಕ್ಸ್ಟ್ ಟು ಕಾಲಮ್ಸ್ ಒತ್ತಿ, ಎರಡು ಸಲ ನೆಕ್ಸ್ಟ್, ಮೂರನೆಯ ಹಂತದಲ್ಲಿ ಡೇಟ್ ಆರಿಸಿ ಪಕ್ಕದಲ್ಲಿ ಡಿಎಂವೈ (ದಿನ, ತಿಂಗಳು, ವರ್ಷ) ಎಂದು ಕೊಟ್ಟು ಫಿನಿಶ್ ಮಾಡಿ. ಎಲ್ಲವೂ ಬಲಕ್ಕೆ ಸರಿದರೆ ಸರಿಹೋಯಿತು. ಮೊತ್ತದ ಕಾಲಮ್‌ನಲ್ಲೂ ಹೀಗೇ: ಮೂಲೆಯಲ್ಲಿ ಹಸಿರು ತ್ರಿಕೋನ ಕಂಡರೆ ಅದು ಬಹುಮಟ್ಟಿಗೆ ಅಕ್ಷರವಾಗಿ ಕೂತ ಸಂಖ್ಯೆ. ಅಂಥವು ಏರಿಕೆಯ ಸಾರ್ಟ್‌ನಲ್ಲಿ ನಿಜವಾದ ಸಂಖ್ಯೆಗಳೆಲ್ಲ ಮುಗಿದ ಮೇಲೆ ಬಂದು ಕೂರುತ್ತವೆ, "ಸೊನ್ನೆಗಿಂತ ಹೆಚ್ಚು" ಎಂಬ ಫಿಲ್ಟರ್‌ಗೆ ಸಿಗುವುದೇ ಇಲ್ಲ. ಬಾಕಿ ಇರುವ ಗಿರಾಕಿ ಪಟ್ಟಿಯಿಂದ ಮಾಯವಾಗುವುದು ಹೀಗೆ.

ಏರಿಯಾ ಹೆಸರುಗಳ ವಿಷಯದಲ್ಲಿ ಬೆಂಗಳೂರಿನ ಪಟ್ಟಿಗಳಷ್ಟು ಕಾಟ ಕೊಡುವುದು ಬೇರೆ ಇರಲಿಕ್ಕಿಲ್ಲ. ಮಲ್ಲೇಶ್ವರ, ಮಲ್ಲೇಶ್ವರಂ, ಜೆಪಿ ನಗರ, ಜೆ.ಪಿ. ನಗರ, ಜೆ ಪಿ ನಗರ. ಕಣ್ಣಿಗೆ ಒಂದೇ, ಫಿಲ್ಟರ್‌ಗೆ ಬೇರೆ ಬೇರೆ. ಇನ್ನೊಂದು ಶೀಟ್‌ನಲ್ಲಿ ಏರಿಯಾಗಳ ಒಂದೇ ಒಂದು ಪಟ್ಟಿ ಮಾಡಿ, ಏರಿಯಾ ಕಾಲಮ್‌ಗೆ ಡೇಟಾ ವ್ಯಾಲಿಡೇಶನ್‌ನಲ್ಲಿ ಲಿಸ್ಟ್ ಆರಿಸಿ ಆ ಪಟ್ಟಿಯನ್ನು ಕಟ್ಟಿಬಿಡಿ. ಆಮೇಲೆ ಯಾರೂ ಟೈಪ್ ಮಾಡುವುದಿಲ್ಲ, ಆರಿಸುತ್ತಾರೆ. ವ್ಯಾಲಿಡೇಶನ್ ಟೈಪ್ ಮಾಡುವುದನ್ನು ತಡೆಯುತ್ತದೆಯೇ ಹೊರತು ಬೇರೆಡೆಯಿಂದ ಪೇಸ್ಟ್ ಮಾಡುವುದನ್ನು ತಡೆಯುವುದಿಲ್ಲ ಎಂಬುದು ನೆನಪಿರಲಿ.

ಏರಿಯಾದ ಬದಲು ಪಿನ್‌ಕೋಡ್ ಇಟ್ಟುಕೊಳ್ಳುವುದೂ ಒಳ್ಳೆಯ ದಾರಿ: ಮಲ್ಲೇಶ್ವರಕ್ಕೆ 560003, ರಾಜಾಜಿನಗರಕ್ಕೆ 560010, ಬಸವನಗುಡಿಗೆ 560004. ಕಾಗುಣಿತದ ಜಗಳವಿಲ್ಲ. ಆದರೆ ಯಾರಾದರೂ ಮಧ್ಯೆ ಜಾಗ ಬಿಟ್ಟು 560 003 ಎಂದು ಹೊಡೆದರೆ ಅದು ಮತ್ತೆ ಅಕ್ಷರವಾಯಿತು.

ಕಣ್ಣಿಗೆ ಕಾಣದ ಕಸವೂ ಇದೆ. ಪದದ ಕೊನೆಯ ಸ್ಪೇಸ್‌ಗೆ ಟ್ರಿಮ್ ಸೂತ್ರ ಸಾಕು. ವೆಬ್‌ಪುಟದಿಂದ ನಕಲಿಸಿದ್ದರಲ್ಲಿ ಬರುವ 160ನೇ ಸಂಖ್ಯೆಯ ಸ್ಪೇಸ್ ಟ್ರಿಮ್‌ಗೆ ಜಗ್ಗುವುದಿಲ್ಲ. ಕಂಟ್ರೋಲ್ ಎಚ್ ಒತ್ತಿ, ಹುಡುಕುವ ಜಾಗದಲ್ಲಿ ಆಲ್ಟ್ ಹಿಡಿದು ನಂಬರ್ ಪ್ಯಾಡ್‌ನಲ್ಲಿ 0160 ಹೊಡೆದು, ಅದು ಪದದ ಕೊನೆಯಲ್ಲಿದ್ದರೆ ಬದಲಿಗೆ ಏನನ್ನೂ ಕೊಡದೆ, ಎರಡು ಪದಗಳ ನಡುವೆ ಇದ್ದರೆ ಮಾಮೂಲಿ ಸ್ಪೇಸ್ ಕೊಟ್ಟು ರಿಪ್ಲೇಸ್ ಆಲ್ ಮಾಡಿ. ಕನ್ನಡ ಟೈಪ್ ಮಾಡುವಾಗ ಒತ್ತಕ್ಷರ ಬಿಡಿಸಲು ಸೇರುವ ಜೋಡಕ ಚಿಹ್ನೆಗಳೂ ಹೀಗೇ ಅದೃಶ್ಯ. ಒಬ್ಬರು ಒಂದು ಕೀಬೋರ್ಡ್‌ನಲ್ಲಿ, ಇನ್ನೊಬ್ಬರು ಇನ್ನೊಂದರಲ್ಲಿ "ಮೈಸೂರು ರೋಡ್" ಎಂದು ಹೊಡೆದರೆ ಒಂದರ ಕೊನೆಯಲ್ಲಿ ಚಿಹ್ನೆ ಇರಬಹುದು, ಇನ್ನೊಂದರಲ್ಲಿ ಇಲ್ಲದಿರಬಹುದು. ಅನುಮಾನ ಬಂದರೆ ಎರಡೂ ಸೆಲ್‌ಗಳಿಗೆ ಲೆನ್ ಸೂತ್ರ ಹಾಕಿ ಉದ್ದ ಹೋಲಿಸಿ.

ಹಳೆಯ ಫಾಂಟ್‌ಗಳಲ್ಲಿ, ಅಂದರೆ ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಪದ್ಧತಿ) ಅಲ್ಲದ ನುಡಿ ಅಥವಾ ಬರಹ ಅಕ್ಷರಗಳಲ್ಲಿ ತುಂಬಿದ ಪಟ್ಟಿಯಾದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಅವು ತೆರೆಯ ಮೇಲೆ ಕನ್ನಡ, ಒಳಗೆ ರೋಮನ್ ಚಿಹ್ನೆಗಳು. ಫಿಲ್ಟರ್‌ನ ಇಳಿಪಟ್ಟಿ ತೆರೆದರೆ ಅರ್ಥವಿಲ್ಲದ ಅಕ್ಷರಗಳು ಕಾಣುತ್ತವೆ, ಸಾರ್ಟ್ ಮಾಡಿದರೆ ವರ್ಣಮಾಲೆಯ ಕ್ರಮ ಬರುವುದಿಲ್ಲ.

ಎಲ್ಲ ಮುಗಿದ ಮೇಲೆ ಪಟ್ಟಿಯೊಳಗೆ ಎಲ್ಲಾದರೂ ಕ್ಲಿಕ್ ಮಾಡಿ ಕಂಟ್ರೋಲ್ ಟಿ ಒತ್ತಿ. ಪಟ್ಟಿ ಈಗ ಟೇಬಲ್ ಆಯಿತು. ಮೇಲೆ ಟೇಬಲ್ ಡಿಸೈನ್ ಟ್ಯಾಬ್‌ನಲ್ಲಿ ಎಡತುದಿಗೆ ಹೆಸರಿನ ಜಾಗವಿದೆ, ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿ "ಬಾಕಿ" ಎಂದು ಬರೆಯಿರಿ. ಈ ಹೆಜ್ಜೆಯನ್ನು ಬಿಡಬೇಡಿ. ಟೇಬಲ್ ಇಲ್ಲದಿದ್ದರೆ ಕೋಡ್‌ನಲ್ಲಿ ಎ1 ರಿಂದ ಜಿ248 ಎಂಬಂಥ ವಿಳಾಸ ಉಳಿಯುತ್ತದೆ, 249ನೇ ಬಿಲ್ ಸಾರ್ಟ್ ಆಗದೆ ಕೆಳಗೇ ಉಳಿಯುತ್ತದೆ. ಟೇಬಲ್ ಆದರೆ ಸಾಲು ಸೇರಿದಂತೆ ತಾನೇ ಬೆಳೆಯುತ್ತದೆ.

ಫೈಲ್, ಶೀಟ್‌ಗಳು, ಡೆವಲಪರ್ ಟ್ಯಾಬ್

ಫೈಲ್ ಮೆನುವಿನ ಆಪ್ಷನ್ಸ್‌ಗೆ ಹೋಗಿ, ಕಸ್ಟಮೈಜ್ ರಿಬ್ಬನ್‌ನಲ್ಲಿ ಬಲಗಡೆಯ ಡೆವಲಪರ್ ಮುಂದೆ ಟಿಕ್ ಹಾಕಿ. ಫೈಲನ್ನು ಸೇವ್ ಆ್ಯಸ್ ಮಾಡಿ, ಬಗೆಯನ್ನು ಮ್ಯಾಕ್ರೋ ಎನೇಬಲ್ಡ್ ವರ್ಕ್‌ಬುಕ್ ಎಂದು ಆರಿಸಿ. ಫೈಲಿನ ಬಾಲ ಎಕ್ಸ್‌ಎಲ್‌ಎಸ್‌ಎಂ ಆಗುತ್ತದೆ. ಮಾಮೂಲಿ ಎಕ್ಸ್‌ಎಲ್‌ಎಸ್‌ಎಕ್ಸ್ ಆಗಿ ಉಳಿಸಿದರೆ ಮ್ಯಾಕ್ರೋ ಬಿಟ್ಟುಹೋಗುತ್ತದೆ. ಎಕ್ಸೆಲ್ ಎಚ್ಚರಿಕೆ ಕೊಡುತ್ತದೆ, ಆದರೆ ನಾವು ಓದದೆ ಯೆಸ್ ಒತ್ತುತ್ತೇವೆ.

ಮೂರು ಶೀಟ್ ಬೇಕು. ಒಂದನೆಯದರಲ್ಲಿ ಟೇಬಲ್. ಎರಡನೆಯದು ಆಯ್ಕೆಯ ಶೀಟ್: ಬಿ1ರಲ್ಲಿ ಏರಿಯಾ, ಬಿ2ರಲ್ಲಿ ಎಷ್ಟು ದಿನ ದಾಟಿರಬೇಕು ಎಂಬ ಸಂಖ್ಯೆ. ಬಿ1ಕ್ಕೂ ಅದೇ ಏರಿಯಾ ಪಟ್ಟಿಯ ವ್ಯಾಲಿಡೇಶನ್ ಕೊಡಿ. ಮೂರನೆಯದು ಖಾಲಿ, ಫಲಿತಾಂಶ ಅಲ್ಲಿ ಬೀಳುತ್ತದೆ, ಅದನ್ನೇ ಪ್ರಿಂಟ್ ತೆಗೆಯುವುದು. ಏರಿಯಾಗಳ ಪಟ್ಟಿಯನ್ನು ಎರಡನೆಯ ಶೀಟ್‌ನಲ್ಲೇ ದೂರದ ಒಂದು ಕಾಲಮ್‌ನಲ್ಲಿ ಇಡಿ. ಮೂರನೆಯದರಲ್ಲಿ ಇಟ್ಟರೆ ಮ್ಯಾಕ್ರೋ ಪ್ರತಿಸಲ ಒರೆಸಿಹಾಕುತ್ತದೆ.

ರೆಕಾರ್ಡ್ ಮಾಡುವುದು

1. ಡೆವಲಪರ್ ಟ್ಯಾಬ್‌ನಲ್ಲಿ ರೆಕಾರ್ಡ್ ಮ್ಯಾಕ್ರೋ ಒತ್ತಿ. ಹೆಸರು ಇಂಗ್ಲಿಷಿನಲ್ಲಿ, ಸ್ಪೇಸ್ ಇಲ್ಲದೆ: "ಲೈನ್‌ಪಟ್ಟಿ". ಸ್ಟೋರ್ ಮಾಡುವ ಜಾಗ ದಿಸ್ ವರ್ಕ್‌ಬುಕ್.

2. ಟೇಬಲ್ ಒಳಗೆ ಕ್ಲಿಕ್ ಮಾಡಿ ಡೇಟಾ ಟ್ಯಾಬ್‌ನ ಸಾರ್ಟ್ ಕಿಟಕಿ ತೆರೆಯಿರಿ. ಮೊದಲ ಹಂತ ದಿನಾಂಕ, ಹಳೆಯದರಿಂದ ಹೊಸದಕ್ಕೆ. ಆ್ಯಡ್ ಲೆವೆಲ್ ಒತ್ತಿ ಎರಡನೆಯದು ಬಾಕಿ, ದೊಡ್ಡದರಿಂದ ಚಿಕ್ಕದಕ್ಕೆ. ತಲೆಬರಹದ ಬಾಣದಿಂದ ಒಂದಾದ ಮೇಲೊಂದು ಸಾರ್ಟ್ ಮಾಡಬೇಡಿ, ಹಂತಗಳು ಈ ಕಿಟಕಿಯಲ್ಲೇ ಇರಲಿ.

3. ಏರಿಯಾ ಬಾಣದಲ್ಲಿ ಮಲ್ಲೇಶ್ವರ ಆರಿಸಿ. ಬಾಕಿ ಬಾಣದಲ್ಲಿ ನಂಬರ್ ಫಿಲ್ಟರ್ಸ್, ಗ್ರೇಟರ್ ದ್ಯಾನ್, 0.

4. ಸ್ಟಾಪ್ ರೆಕಾರ್ಡಿಂಗ್.

ಸಾರ್ಟ್ ಮೊದಲು, ಫಿಲ್ಟರ್ ಆಮೇಲೆ ಎಂಬ ಈ ಕ್ರಮಕ್ಕೆ ಕಾರಣವಿದೆ. ಫಿಲ್ಟರ್ ಆಗಿರುವ ಪಟ್ಟಿಯನ್ನು ಸಾರ್ಟ್ ಮಾಡಿದರೆ ಎಕ್ಸೆಲ್ ಕಾಣುವ ಸಾಲುಗಳನ್ನು ಮಾತ್ರ ಅದಲುಬದಲು ಮಾಡುತ್ತದೆ, ಅಡಗಿದವು ಇದ್ದಲ್ಲೇ ಉಳಿಯುತ್ತವೆ. ಫಿಲ್ಟರ್ ತೆಗೆದಾಗ ಇಡೀ ಪಟ್ಟಿ ಕಲಸಿದ ಚಿತ್ರಾನ್ನ. ಆದ್ದರಿಂದ ಹಳೆಯ ಫಿಲ್ಟರ್ ತೆಗೆ, ಪೂರ್ತಿ ಸಾರ್ಟ್ ಮಾಡು, ಹೊಸ ಫಿಲ್ಟರ್ ಹಾಕು: ಇದೇ ಕ್ರಮ.

ತಿದ್ದುವುದು

ಆಲ್ಟ್ ಜೊತೆ ಎಫ್11 ಒತ್ತಿದರೆ ವಿಬಿಎ (ಮ್ಯಾಕ್ರೋ ಬರೆಯುವ ಭಾಷೆ) ಎಡಿಟರ್ ತೆರೆಯುತ್ತದೆ. ಎಡಗಡೆಯ ಪ್ರಾಜೆಕ್ಟ್ ಪಟ್ಟಿಯಲ್ಲಿ ಮಾಡ್ಯೂಲ್1 ಮೇಲೆ ಎರಡು ಸಲ ಕ್ಲಿಕ್ ಮಾಡಿ. ರೆಕಾರ್ಡರ್ ಬರೆದದ್ದು ಅಲ್ಲಿದೆ. ಅದರಲ್ಲಿ ಪಿನ್‌ಯಿನ್ ಎಂಬ ಪದ ಕಂಡರೆ ಗಾಬರಿಯಾಗಬೇಡಿ, ಚೀನೀ ಅಕ್ಷರಗಳ ಸಾರ್ಟ್‌ಗೆ ಸಂಬಂಧಿಸಿದ ಸಾಲು ಅದು, ಅಳಿಸಿದರೂ ನಡೆಯುತ್ತದೆ.

ಈಗ ಕನ್ನಡದಲ್ಲಿ ಪಟ್ಟಿ ಇಡುವವರಿಗೆ ಎದುರಾಗುವ ತೊಡಕು. ಈ ಎಡಿಟರ್ ಯೂನಿಕೋಡ್ ಅಲ್ಲ. ಕನ್ನಡ ಪದ ಪೇಸ್ಟ್ ಮಾಡಿದರೆ ಪ್ರತಿ ಚಿಹ್ನೆಯ ಜಾಗದಲ್ಲೂ ಒಂದೊಂದು ಪ್ರಶ್ನಾರ್ಥಕ ಬೀಳುತ್ತದೆ. ಅಲ್ಲಿಗೇ ಮುಗಿದಿದ್ದರೆ ಬರೀ ಖಾಲಿ ಪಟ್ಟಿ ಬರುತ್ತಿತ್ತು. ಆದರೆ ಫಿಲ್ಟರ್‌ನ ಭಾಷೆಯಲ್ಲಿ ಪ್ರಶ್ನಾರ್ಥಕಕ್ಕೆ "ಯಾವುದಾದರೂ ಒಂದು ಅಕ್ಷರ" ಎಂಬ ಅರ್ಥವಿದೆ! ಮಲ್ಲೇಶ್ವರ ಎಂಬುದು ವ್ಯಂಜನ, ಗುಣಿತ, ವಿರಾಮ ಚಿಹ್ನೆ ಎಲ್ಲ ಸೇರಿ ಕಂಪ್ಯೂಟರ್ ಲೆಕ್ಕದಲ್ಲಿ 9. ರಾಜಾಜಿನಗರವೂ 9. ಒಂಬತ್ತು ಪ್ರಶ್ನಾರ್ಥಕಗಳ ಫಿಲ್ಟರ್ ಎರಡನ್ನೂ ತೋರಿಸುತ್ತದೆ, ಎರರ್ ಬರುವುದಿಲ್ಲ, ಮಲ್ಲೇಶ್ವರ ಲೈನ್‌ಗೆ ಹೊರಟವನ ಪಟ್ಟಿಯಲ್ಲಿ ರಾಜಾಜಿನಗರದ ಅಂಗಡಿಗಳಿರುತ್ತವೆ.

ಪರಿಹಾರ ಸರಳ: ಕೋಡ್‌ನೊಳಗೆ ಕನ್ನಡ ಬೇಡವೇ ಬೇಡ. ಏರಿಯಾ ಹೆಸರನ್ನು ಸೆಲ್‌ನಿಂದ ಓದಿಸಿ, ಸೆಲ್‌ನಲ್ಲಿ ಕನ್ನಡ ಸುಖವಾಗಿರುತ್ತದೆ. ಕಾಲಮ್‌ಗಳನ್ನು ತಲೆಬರಹದ ಬದಲು ಸಂಖ್ಯೆಯಿಂದ ಹೇಳಿ. ಶೀಟನ್ನು ಕೆಳಗಿನ ಟ್ಯಾಬ್‌ನ ಹೆಸರಿನಿಂದ ಕರೆಯದೆ ಕೋಡ್ ಹೆಸರಿನಿಂದ ಕರೆಯಿರಿ. ಪ್ರಾಜೆಕ್ಟ್ ಪಟ್ಟಿಯಲ್ಲಿ ಪ್ರತಿ ಶೀಟ್‌ಗೂ ಎರಡು ಹೆಸರು ಕಾಣುತ್ತದೆ. ಆವರಣದ ಹೊರಗಿರುವುದು ಕೋಡ್ ಹೆಸರು, ಶೀಟ್1, ಶೀಟ್2 ಎಂದಿರುತ್ತದೆ. ಟ್ಯಾಬ್‌ಗೆ ಯಾರು ಏನೇ ಮರುನಾಮಕರಣ ಮಾಡಿದರೂ ಇದು ಬದಲಾಗುವುದಿಲ್ಲ. ಸಂದೇಶ ತೋರಿಸುವ ಎಂಎಸ್‌ಜಿಬಾಕ್ಸ್ ಕೂಡ ಕನ್ನಡ ತೋರಿಸುವುದಿಲ್ಲ, ಅಲ್ಲಿ ಇಂಗ್ಲಿಷಿಗೆ ಒಪ್ಪಿಕೊಳ್ಳಿ ಅಥವಾ ಸಂದೇಶವನ್ನು ಒಂದು ಸೆಲ್‌ಗೆ ಬರೆಸಿ.

ತಿದ್ದಿದ ಮೇಲೆ ಕೋಡ್ ಹೀಗಿರಬೇಕು:

ಸಬ್ ಲೈನ್‌ಪಟ್ಟಿ()
ಡಿಮ್ ಟಿ ಆ್ಯಸ್ ಲಿಸ್ಟ್‌ಆಬ್ಜೆಕ್ಟ್
ಸೆಟ್ ಟಿ = ಶೀಟ್1.ಲಿಸ್ಟ್‌ಆಬ್ಜೆಕ್ಟ್ಸ್("ಬಾಕಿ")
ಟಿ.ರೇಂಜ್.ಆಟೋಫಿಲ್ಟರ್ ಫೀಲ್ಡ್:=1
ಟಿ.ರೇಂಜ್.ಆಟೋಫಿಲ್ಟರ್ ಫೀಲ್ಡ್:=4
ಟಿ.ರೇಂಜ್.ಆಟೋಫಿಲ್ಟರ್ ಫೀಲ್ಡ್:=7
ವಿತ್ ಟಿ.ಸಾರ್ಟ್
.ಸಾರ್ಟ್‌ಫೀಲ್ಡ್ಸ್.ಕ್ಲಿಯರ್
.ಸಾರ್ಟ್‌ಫೀಲ್ಡ್ಸ್.ಆ್ಯಡ್ ಕೀ:=ಟಿ.ಲಿಸ್ಟ್‌ಕಾಲಮ್ಸ್(1).ಡೇಟಾಬಾಡಿರೇಂಜ್, ಆರ್ಡರ್:=ಎಕ್ಸ್‌ಎಲ್‌ಅಸೆಂಡಿಂಗ್
.ಸಾರ್ಟ್‌ಫೀಲ್ಡ್ಸ್.ಆ್ಯಡ್ ಕೀ:=ಟಿ.ಲಿಸ್ಟ್‌ಕಾಲಮ್ಸ್(7).ಡೇಟಾಬಾಡಿರೇಂಜ್, ಆರ್ಡರ್:=ಎಕ್ಸ್‌ಎಲ್‌ಡಿಸೆಂಡಿಂಗ್
.ಹೆಡರ್ = ಎಕ್ಸ್‌ಎಲ್‌ಯೆಸ್
.ಅಪ್ಲೈ
ಎಂಡ್ ವಿತ್
ಇಫ್ ಶೀಟ್2.ರೇಂಜ್("ಬಿ1").ವ್ಯಾಲ್ಯೂ <> "" ದೆನ್ ಟಿ.ರೇಂಜ್.ಆಟೋಫಿಲ್ಟರ್ ಫೀಲ್ಡ್:=4, ಕ್ರೈಟೀರಿಯಾ1:=ಶೀಟ್2.ರೇಂಜ್("ಬಿ1").ವ್ಯಾಲ್ಯೂ
ಟಿ.ರೇಂಜ್.ಆಟೋಫಿಲ್ಟರ್ ಫೀಲ್ಡ್:=7, ಕ್ರೈಟೀರಿಯಾ1:=">0"
ಟಿ.ರೇಂಜ್.ಆಟೋಫಿಲ್ಟರ್ ಫೀಲ್ಡ್:=1, ಕ್ರೈಟೀರಿಯಾ1:="<" & ಸಿಎಲ್‌ಎನ್‌ಜಿ(ಡೇಟ್ - ಶೀಟ್2.ರೇಂಜ್("ಬಿ2").ವ್ಯಾಲ್ಯೂ)
ಶೀಟ್3.ಸೆಲ್ಸ್.ಕ್ಲಿಯರ್
ಟಿ.ರೇಂಜ್.ಸ್ಪೆಷಲ್‌ಸೆಲ್ಸ್(ಎಕ್ಸ್‌ಎಲ್‌ಸೆಲ್‌ಟೈಪ್‌ವಿಸಿಬಲ್).ಕಾಪಿ
ಶೀಟ್3.ರೇಂಜ್("ಎ1").ಪೇಸ್ಟ್‌ಸ್ಪೆಷಲ್ ಎಕ್ಸ್‌ಎಲ್‌ಪೇಸ್ಟ್‌ವ್ಯಾಲ್ಯೂಸ್‌ಆ್ಯಂಡ್‌ನಂಬರ್‌ಫಾರ್ಮ್ಯಾಟ್ಸ್
ಅಪ್ಲಿಕೇಶನ್.ಕಟ್‌ಕಾಪಿಮೋಡ್ = ಫಾಲ್ಸ್
ಎಂಡ್ ಸಬ್

ಸಬ್ ಮುಂದಿನ ಮೂರು ಆಟೋಫಿಲ್ಟರ್ ಸಾಲುಗಳಲ್ಲಿ ಷರತ್ತು ಇಲ್ಲ. ಕಾಲಮ್ ಸಂಖ್ಯೆ ಕೊಟ್ಟು ಷರತ್ತು ಬಿಟ್ಟರೆ ಆ ಕಾಲಮ್‌ನ ಹಳೆಯ ಫಿಲ್ಟರ್ ಹೋಗುತ್ತದೆ. ಇದಕ್ಕೆ ಶೋಆಲ್‌ಡೇಟಾ ಎಂಬ ಆಜ್ಞೆಯೂ ಇದೆ, ಅಂತರ್ಜಾಲದ ಹೆಚ್ಚಿನ ಉದಾಹರಣೆಗಳಲ್ಲಿ ಅದೇ ಸಿಗುತ್ತದೆ. ಆದರೆ ಶೀಟ್‌ನ ಮೇಲೆ ಅದನ್ನು ಕರೆದಾಗ ಫಿಲ್ಟರ್ ಯಾವುದೂ ಇಲ್ಲದಿದ್ದರೆ 1004 ಎರರ್ ಕೊಟ್ಟು ನಿಲ್ಲುತ್ತದೆ. ಮೂರು ಸಾಲು ಹೆಚ್ಚು ಬರೆದರೂ ಈ ದಾರಿಯೇ ನೆಮ್ಮದಿ. ಆದರೆ ಬೇರೆ ಕಾಲಮ್‌ನಲ್ಲಿ, ಉದಾಹರಣೆಗೆ ಅಂಗಡಿ ಹೆಸರಿನಲ್ಲಿ, ಯಾರಾದರೂ ಕೈಯಿಂದ ಫಿಲ್ಟರ್ ಹಾಕುವ ಅಭ್ಯಾಸವಿದ್ದರೆ ಅದಕ್ಕೂ ಒಂದು ಸಾಲು ಸೇರಿಸಿ.

ಫೀಲ್ಡ್ ಸಂಖ್ಯೆ ಟೇಬಲ್‌ನ ಮೊದಲ ಕಾಲಮ್‌ನಿಂದ ಎಣಿಕೆ, ಶೀಟ್‌ನ ಎ ಕಾಲಮ್‌ನಿಂದ ಅಲ್ಲ. ಟೇಬಲ್ ಸಿ ಕಾಲಮ್‌ನಲ್ಲಿ ಶುರುವಾದರೆ ಸಿ ಎಂಬುದೇ 1. ಮುಂದೆ ಹೊಸ ಕಾಲಮ್ ಬೇಕಾದರೆ ಕೊನೆಗೆ ಸೇರಿಸಿ. ಮಧ್ಯೆ ತೂರಿಸಿದರೆ ಕೋಡ್‌ನ 4 ಮತ್ತು 7 ಬೇರೆ ಯಾವುದನ್ನೋ ಹಿಡಿದುಕೊಳ್ಳುತ್ತವೆ.

ಸಾರ್ಟ್‌ಫೀಲ್ಡ್ಸ್.ಕ್ಲಿಯರ್ ಮರೆತರೆ ಹಿಂದಿನ ಸಲದ ಹಂತಗಳು ಉಳಿದುಕೊಂಡು ಹೊಸವು ಅವುಗಳ ಹಿಂದೆ ಸಾಲುಗಟ್ಟುತ್ತವೆ. ಮೊದಲು ಸೇರಿದ್ದಕ್ಕೇ ಆದ್ಯತೆ. ಯಾರೋ ಕೈಯಿಂದ ಅಂಗಡಿ ಹೆಸರಿನ ಮೇಲೆ ಸಾರ್ಟ್ ಮಾಡಿದ್ದರೆ ನಿಮ್ಮ ದಿನಾಂಕದ ಕ್ರಮ ಎರಡನೆಯದಾಗುತ್ತದೆ. ರೆಕಾರ್ಡರ್ ಇಲ್ಲಿ ಆ್ಯಡ್ ಬದಲು ಆ್ಯಡ್2 ಎಂದು ಬರೆದಿರಬಹುದು. ಹೊಸ ಎಕ್ಸೆಲ್‌ನಲ್ಲಿ ಅದು ಸರಿ, ಆದರೆ 2010 ಅಥವಾ 2013 ಇರುವ ಕಂಪ್ಯೂಟರ್‌ಗೆ ಫೈಲ್ ಹೋದರೆ 438 ಎರರ್ ಬರುತ್ತದೆ. ಬರೀ ಆ್ಯಡ್ ಎಲ್ಲ ಕಡೆಯೂ ನಡೆಯುತ್ತದೆ.

ದಿನಾಂಕದ ಸಾಲಿನಲ್ಲಿ ಸಿಎಲ್‌ಎನ್‌ಜಿ ಏಕೆ ಎಂದು ಕೇಳಬಹುದು. ನಾವು ದಿನ, ತಿಂಗಳು, ವರ್ಷ ಎಂದು ಬರೆಯುತ್ತೇವೆ. ಕೋಡ್‌ನಲ್ಲಿ ದಿನಾಂಕವನ್ನು ಅಕ್ಷರವಾಗಿ ಬರೆದರೆ ಆಟೋಫಿಲ್ಟರ್ ಅದನ್ನು ಅಮೆರಿಕದ ಕ್ರಮದಲ್ಲಿ ಓದುತ್ತದೆ, ತಿಂಗಳು ಮೊದಲು. ಆಗ 05/04/2025 ಎಂಬ ಏಪ್ರಿಲ್ 5 ಮೇ 4 ಆಗಿಬಿಡುತ್ತದೆ. ದಿನದ ಸಂಖ್ಯೆ 12 ದಾಟಿದಾಗ ಈ ಗೊಂದಲ ಇರುವುದಿಲ್ಲವಾದ್ದರಿಂದ ತಪ್ಪು ತಿಂಗಳ ಮೊದಲ ಹನ್ನೆರಡು ದಿನ ಕಾಣಿಸಿಕೊಂಡು ಆಮೇಲೆ ಮರೆಯಾಗುತ್ತದೆ, ಹುಡುಕುವವರು ಹೈರಾಣು. ಎಕ್ಸೆಲ್ ಒಳಗೊಳಗೆ ದಿನಾಂಕವನ್ನು ಸಂಖ್ಯೆಯಾಗಿಯೇ ಇಟ್ಟುಕೊಂಡಿರುತ್ತದೆ; 2025ರ ಏಪ್ರಿಲ್ 1 ಅಂದರೆ 45748. ಸಿಎಲ್‌ಎನ್‌ಜಿ ಆ ಸಂಖ್ಯೆಯನ್ನೇ ಕೊಡುತ್ತದೆ, ಯಾವ ದೇಶದ ಕ್ರಮವೂ ಅಡ್ಡ ಬರುವುದಿಲ್ಲ. ಒಂದೇ ದಿನದ ಬಿಲ್ ಬೇಕೆಂದು ಸಮ ಚಿಹ್ನೆ ಹಾಕಿದರೆ ಮಾತ್ರ ಈ ಸಂಖ್ಯೆ ಕೆಲಸ ಮಾಡುವುದಿಲ್ಲ. ಅದಕ್ಕೆ "ಆ ದಿನ ಅಥವಾ ನಂತರ" ಮತ್ತು "ಮರುದಿನಕ್ಕಿಂತ ಮೊದಲು" ಎಂದು ಎರಡು ಷರತ್ತು ಕೊಡಬೇಕು: ಕ್ರೈಟೀರಿಯಾ1, ಆಪರೇಟರ್:=ಎಕ್ಸ್‌ಎಲ್‌ಆ್ಯಂಡ್, ಕ್ರೈಟೀರಿಯಾ2. ಇಡೀ ಹಣಕಾಸು ವರ್ಷ ಬೇಕಾದಾಗಲೂ ಇದೇ ಜೋಡಿ.

ಕಾಪಿ ಸಾಲಿನಲ್ಲಿ ತಲೆಬರಹವೂ ಸೇರಿದ ರೇಂಜ್ ಬಳಸಿದ್ದು ಬೇಕೆಂದೇ. ಡೇಟಾಬಾಡಿರೇಂಜ್ ಬಳಸಿದರೆ, ಆ ಏರಿಯಾದಲ್ಲಿ ಒಂದೂ ಬಾಕಿ ಇಲ್ಲದ ಶುಭದಿನ "ನೋ ಸೆಲ್ಸ್ ವರ್ ಫೌಂಡ್" ಎಂದು 1004 ಬರುತ್ತದೆ. ತಲೆಬರಹ ಯಾವಾಗಲೂ ಕಾಣುತ್ತಲೇ ಇರುವುದರಿಂದ ಈಗ ಬರೀ ತಲೆಬರಹ ಮಾತ್ರ ಬಂದು ಬೀಳುತ್ತದೆ, ಅಷ್ಟೇ. ವ್ಯಾಲ್ಯೂಸ್ ಮಾತ್ರ ಪೇಸ್ಟ್ ಮಾಡುವುದು ಬಾಕಿ ಕಾಲಮ್‌ನ ಸೂತ್ರ ಹೊಸ ಶೀಟ್‌ನಲ್ಲಿ ದಾರಿ ತಪ್ಪದಿರಲೆಂದು. ಕಾಲಮ್ ಅಗಲ ಬರುವುದಿಲ್ಲ, ಬೇಕಾದರೆ ಕೊನೆಯಲ್ಲಿ ಶೀಟ್3.ಕಾಲಮ್ಸ್.ಆಟೋಫಿಟ್ ಎಂಬ ಸಾಲು ಸೇರಿಸಿ. ಇಲ್ಲದಿದ್ದರೆ ದಿನಾಂಕದ ಜಾಗದಲ್ಲಿ ಬರೀ ಹ್ಯಾಷ್ ಗುರುತುಗಳು.

ಸ್ಕ್ರೀನ್‌ಅಪ್‌ಡೇಟಿಂಗ್ ನಿಲ್ಲಿಸಿ, ಕ್ಯಾಲ್ಕುಲೇಶನ್ ಮ್ಯಾನುಯಲ್ ಮಾಡಿ, ವೇಗ ಹೆಚ್ಚುತ್ತದೆ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಎರಡು ಮೂರು ಸಾವಿರ ಬಿಲ್ಲಿನ ಪಟ್ಟಿಗೆ ಅದು ಬೇಡ. ಕ್ಯಾಲ್ಕುಲೇಶನ್ ನಿಲ್ಲಿಸಿದ ಮ್ಯಾಕ್ರೋ ನಡುವೆ ಎರರ್ ಬಂದು ನಿಂತರೆ ಆ ಕಂಪ್ಯೂಟರ್‌ನಲ್ಲಿ ತೆರೆದಿರುವ ಎಲ್ಲ ಫೈಲುಗಳ ಲೆಕ್ಕವೂ ನಿಂತಿರುತ್ತದೆ, ಉಳಿಸಿದ ಅರ್ಧ ಸೆಕೆಂಡಿಗೆ ಅದು ದುಬಾರಿ.

ಪರೀಕ್ಷೆ ಮತ್ತು ಬಟನ್

ಮ್ಯಾಕ್ರೋ ಓಡಿಸುವ ಮುನ್ನ ಫೈಲ್ ಸೇವ್ ಮಾಡಿ. ಓಡಿದ ಮೇಲೆ ಕಂಟ್ರೋಲ್ ಝಡ್ ನಡೆಯುವುದಿಲ್ಲ, ಅಲ್ಲಿಯವರೆಗಿನ ಅನ್‌ಡೂ ಚರಿತ್ರೆಯೂ ಅಳಿಸಿಹೋಗುತ್ತದೆ. ಮೂಲ ಕ್ರಮಕ್ಕೆ ಮರಳುವ ದಾರಿ ಬೇಕಿದ್ದರೆ ಟೇಬಲ್‌ನ ಕೊನೆಯಲ್ಲಿ 1, 2, 3 ಎಂದು ಕ್ರಮಸಂಖ್ಯೆಯ ಕಾಲಮ್ ಇಟ್ಟುಕೊಳ್ಳಿ, ಸೂತ್ರವಲ್ಲದೆ ಟೈಪ್ ಮಾಡಿದ ಸಂಖ್ಯೆಯಾಗಿ.

ಮೊದಲ ಸಲ ಎಫ್5 ಒತ್ತಬೇಡಿ. ಎಡಿಟರ್ ಕಿಟಕಿಯನ್ನು ಅರ್ಧಕ್ಕೆ ಇಳಿಸಿ, ಹಿಂದೆ ಶೀಟ್ ಕಾಣುವಂತೆ ಇಟ್ಟು ಎಫ್8 ಒತ್ತುತ್ತಾ ಹೋಗಿ. ಒಂದೊಂದು ಒತ್ತಿಗೆ ಒಂದೊಂದು ಸಾಲು ನಡೆಯುತ್ತದೆ, ಎಲ್ಲಿ ಎಡವಿತು ಎಂಬುದು ಕಣ್ಣೆದುರೇ ಕಾಣುತ್ತದೆ.

ಸರಿಹೋದ ಮೇಲೆ ಎರಡನೆಯ ಶೀಟ್‌ನಲ್ಲಿ ಇನ್ಸರ್ಟ್, ಶೇಪ್ಸ್‌ನಿಂದ ಒಂದು ಚೌಕ ಎಳೆದು, ಬಲ ಕ್ಲಿಕ್ ಮಾಡಿ ಅಸೈನ್ ಮ್ಯಾಕ್ರೋದಲ್ಲಿ ಲೈನ್‌ಪಟ್ಟಿ ಆರಿಸಿ. ಚೌಕದ ಮೇಲೆ "ಪಟ್ಟಿ ತೆಗೆ" ಎಂದು ಕನ್ನಡದಲ್ಲೇ ಬರೆಯಬಹುದು. ಬಟನ್ ಟೇಬಲ್ ಇರುವ ಶೀಟ್‌ನಲ್ಲಿ ಬೇಡ. ಫಿಲ್ಟರ್ ಸಾಲುಗಳನ್ನು ಅಡಗಿಸಿದಾಗ ಅವುಗಳ ಮೇಲಿರುವ ಬಟನ್ ಕೂಡ ಚಪ್ಪಟೆಯಾಗಿ ಕಾಣದಾಗುತ್ತದೆ.

ಬಟನ್ ಕೂಡ ಬೇಡ, ಬಿ1ರಲ್ಲಿ ಏರಿಯಾ ಬದಲಿಸಿದರೆ ಪಟ್ಟಿ ತಾನೇ ಬರಲಿ ಎನ್ನುವುದಾದರೆ ಎಡಿಟರ್‌ನಲ್ಲಿ ಶೀಟ್2 ಮೇಲೆ ಎರಡು ಸಲ ಕ್ಲಿಕ್ ಮಾಡಿ, ಮೇಲಿನ ಇಳಿಪಟ್ಟಿಗಳಲ್ಲಿ ವರ್ಕ್‌ಶೀಟ್ ಮತ್ತು ಚೇಂಜ್ ಆರಿಸಿ. ತೆರೆದುಕೊಳ್ಳುವ ಸಬ್ ಒಳಗೆ ಒಂದೇ ಸಾಲು: ಇಫ್ ಟಾರ್ಗೆಟ್.ಅಡ್ರೆಸ್ = "$ಬಿ$1" ದೆನ್ ಲೈನ್‌ಪಟ್ಟಿ. ನಮ್ಮ ಮ್ಯಾಕ್ರೋ ಶೀಟ್2ರಲ್ಲಿ ಏನನ್ನೂ ಬರೆಯುವುದಿಲ್ಲವಾದ್ದರಿಂದ ತನ್ನನ್ನೇ ತಾನು ಮತ್ತೆ ಮತ್ತೆ ಕರೆಯುವ ಅಪಾಯವಿಲ್ಲ. ಹಾಗೆ ಬರೆಯುವಂತೆ ಬದಲಿಸಿದರೆ, ಸೆಲ್ ಬದಲಾದಾಗ ಕೋಡ್ ತಾನೇ ಓಡುವುದನ್ನು ನಿಯಂತ್ರಿಸುವ ಎನೇಬಲ್‌ಇವೆಂಟ್ಸ್ ನಿಲ್ಲಿಸಿ, ಕೊನೆಗೆ ಮತ್ತೆ ಶುರುಮಾಡಬೇಕು. ನಡುವೆ ಎರರ್ ಬಂದು ಅದು ನಿಂತೇ ಉಳಿದರೆ ಮ್ಯಾಕ್ರೋ ಸತ್ತಂತೆ ಕಾಣುತ್ತದೆ. ಎಡಿಟರ್‌ನಲ್ಲಿ ಕಂಟ್ರೋಲ್ ಜಿ ಒತ್ತಿ, ಕೆಳಗಿನ ಕಿಟಕಿಯಲ್ಲಿ ಅಪ್ಲಿಕೇಶನ್.ಎನೇಬಲ್‌ಇವೆಂಟ್ಸ್ = ಟ್ರೂ ಎಂದು ಬರೆದು ಎಂಟರ್ ಕೊಡಿ.

ಬರುವ ಎರರ್‌ಗಳು

ಸಂಖ್ಯೆ 9, ಸಬ್‌ಸ್ಕ್ರಿಪ್ಟ್ ಔಟ್ ಆಫ್ ರೇಂಜ್: ಆ ಹೆಸರಿನ ಟೇಬಲ್ ಅಥವಾ ಶೀಟ್ ಇಲ್ಲ. ಟೇಬಲ್ ಹೆಸರನ್ನು ಡಿಸೈನ್ ಟ್ಯಾಬ್‌ನಲ್ಲಿ ನೋಡಿ, ಕಾಗುಣಿತ ಹೋಲಿಸಿ. ಟೇಬಲ್ ಬೇರೆ ಶೀಟ್‌ನಲ್ಲಿದ್ದರೂ ಇದೇ ಬರುತ್ತದೆ.

13, ಟೈಪ್ ಮಿಸ್‌ಮ್ಯಾಚ್: ಬಹುತೇಕ ಬಿ2ರಲ್ಲಿ ಯಾರೋ "30 ದಿನ" ಎಂದು ಬರೆದಿದ್ದಾರೆ. ಬರೀ 30 ಇರಬೇಕು.

1004ಕ್ಕೆ ನೂರು ಕಾರಣ. ಶೀಟ್ ಪ್ರೊಟೆಕ್ಟ್ ಆಗಿದೆಯೇ, ಫೀಲ್ಡ್ ಸಂಖ್ಯೆ ಟೇಬಲ್‌ನ ಕಾಲಮ್‌ಗಳಿಗಿಂತ ಹೆಚ್ಚಾಗಿದೆಯೇ ಎಂದು ಮೊದಲು ನೋಡಿ.

ಎರರ್ ಇಲ್ಲ, ಪಟ್ಟಿಯೂ ಇಲ್ಲ: ಡೇಟಾ ಹದ ಮಾಡುವ ಭಾಗಕ್ಕೆ ಹಿಂತಿರುಗಿ. ಸ್ಪೇಸ್, ಅದೃಶ್ಯ ಚಿಹ್ನೆ, ಅಕ್ಷರವಾದ ದಿನಾಂಕ, ಈ ಮೂರರಲ್ಲಿ ಒಂದಿರುತ್ತದೆ.

ಇಮೇಲ್‌ನಲ್ಲಿ ಬಂದ ಅಥವಾ ಬ್ರೌಸರ್‌ನಿಂದ ಇಳಿಸಿಕೊಂಡ ಫೈಲಿನಲ್ಲಿ ಕೆಂಪು ಪಟ್ಟಿ ಬಂದು ಮ್ಯಾಕ್ರೋ ನಿರ್ಬಂಧಿಸಿದೆ ಎಂದರೆ ಅದು 2022ರಿಂದ ಮೈಕ್ರೋಸಾಫ್ಟ್ ಜಾರಿಗೆ ತಂದ ಕಾವಲು. ಫೈಲ್ ಮುಚ್ಚಿ, ಅದರ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಕೆಳಗೆ ಅನ್‌ಬ್ಲಾಕ್ ಟಿಕ್ ಮಾಡಿ ತೆರೆಯಿರಿ. ನಿಮ್ಮದೇ ಫೈಲಿಗೆ ಮಾತ್ರ ಇದನ್ನು ಮಾಡಿ. ಕಿರಿಕಿರಿ ಎಂದು ಟ್ರಸ್ಟ್ ಸೆಂಟರ್‌ನಲ್ಲಿ ಎಲ್ಲ ಮ್ಯಾಕ್ರೋಗಳಿಗೂ ಬಾಗಿಲು ತೆರೆದಿಡುವುದು ಅಂಗಡಿ ಬೀಗ ಹಾಕದೆ ಊಟಕ್ಕೆ ಹೋದಂತೆ.

ಮ್ಯಾಕ್ರೋ ಬೇಡವಾದಾಗ

ನಿಮ್ಮಲ್ಲಿ ಮೈಕ್ರೋಸಾಫ್ಟ್ 365 ಅಥವಾ ಎಕ್ಸೆಲ್ 2021 ಇದ್ದು, ಬೇಕಿರುವುದು ಇಷ್ಟೇ ಪಟ್ಟಿಯಾದರೆ ಮ್ಯಾಕ್ರೋಗಿಂತ ಸೂತ್ರವೇ ಮೇಲು. ಫಿಲ್ಟರ್ ಎಂಬ ಫಂಕ್ಷನ್ ಒಳಗೆ ಮೂರು ಷರತ್ತುಗಳನ್ನು ಆವರಣದಲ್ಲಿ ಹಾಕಿ ಗುಣಾಕಾರ ಚಿಹ್ನೆಯಿಂದ ಕೂಡಿಸಿ, ಹೊರಗೆ ಸಾರ್ಟ್ ಫಂಕ್ಷನ್ ಸುತ್ತಿ, ಕಾಲಮ್ ಸಂಖ್ಯೆ ಮತ್ತು ಏರಿಕೆಗೆ 1, ಇಳಿಕೆಗೆ -1 ಕೊಟ್ಟರೆ ಮುಗಿಯಿತು. ಮೂಲ ಪಟ್ಟಿ ಅಲುಗುವುದಿಲ್ಲ, ಕಂಟ್ರೋಲ್ ಝಡ್ ಇರುತ್ತದೆ, ಸೂತ್ರದಲ್ಲಿ ಕನ್ನಡವೂ ನಡೆಯುತ್ತದೆ. ಫಿಲ್ಟರ್‌ನ ಮೂರನೆಯ ಜಾಗದಲ್ಲಿ "ಬಾಕಿ ಇಲ್ಲ" ಎಂದು ಬರೆದಿಡಿ, ಇಲ್ಲದಿದ್ದರೆ ಏನೂ ಸಿಗದಾಗ ಕ್ಯಾಲ್ಕ್ ಎರರ್ ಕಾಣುತ್ತದೆ. ಪಟ್ಟಿಯನ್ನು ಪ್ರತ್ಯೇಕ ಫೈಲ್ ಮಾಡಿ ಉಳಿಸುವುದು, ಹತ್ತು ಏರಿಯಾಗೆ ಹತ್ತು ಶೀಟ್ ಮಾಡುವುದು, ನೇರ ಪ್ರಿಂಟ್ ಕೊಡುವುದು, ಇವಕ್ಕೆ ಮಾತ್ರ ಮ್ಯಾಕ್ರೋ ಬೇಕೇ ಬೇಕು.

ಮೊಬೈಲ್‌ನ ಎಕ್ಸೆಲ್‌ನಲ್ಲೂ ಬ್ರೌಸರ್‌ನ ಎಕ್ಸೆಲ್‌ನಲ್ಲೂ ವಿಬಿಎ ಓಡುವುದಿಲ್ಲ. ಕಲೆಕ್ಷನ್ ಹುಡುಗ ಫೋನ್‌ನಲ್ಲೇ ಪಟ್ಟಿ ನೋಡಬೇಕೆಂದರೆ ಗೂಗಲ್ ಶೀಟ್ಸ್ ಅನುಕೂಲ. ಕಂಪ್ಯೂಟರ್‌ನಲ್ಲಿ ಎಕ್ಸ್‌ಟೆನ್ಷನ್ಸ್ ಮೆನುವಿನ ಮ್ಯಾಕ್ರೋಸ್‌ನಲ್ಲಿ ರೆಕಾರ್ಡ್ ಮಾಡಿದರೆ ಅದು ಆ್ಯಪ್ಸ್ ಸ್ಕ್ರಿಪ್ಟ್ (ಗೂಗಲ್‌ನ ಕೋಡ್) ಆಗಿ ಉಳಿಯುತ್ತದೆ, ಅಲ್ಲಿ ಕೋಡ್‌ನೊಳಗೇ ಕನ್ನಡ ಬರೆದರೂ ತೊಂದರೆಯಿಲ್ಲ. ಮೊದಲ ಸಲ ಓಡಿಸುವಾಗ ಅನುಮತಿ ಕೇಳುತ್ತದೆ. ಒಂದೇ ಶೀಟನ್ನು ನಾಲ್ಕು ಜನ ತೆರೆದಿರುವಾಗ ಮಾಮೂಲಿ ಫಿಲ್ಟರ್ ಹಾಕಿದರೆ ನಾಲ್ವರ ತೆರೆಯಲ್ಲೂ ಸಾಲುಗಳು ಅಡಗುತ್ತವೆ. ಬಸವನಗುಡಿಯ ವಸೂಲಿ ಬರೆಯುತ್ತಿದ್ದವರಿಗೆ ಇದ್ದಕ್ಕಿದ್ದಂತೆ ಮಲ್ಲೇಶ್ವರ ಮಾತ್ರ ಕಂಡು, ತಮ್ಮ ಬಿಲ್ ಅಳಿಸಿಹೋಯಿತೆಂದು ಮತ್ತೊಮ್ಮೆ ನಮೂದಿಸುವುದುಂಟು. ಅದಕ್ಕೆ ಡೇಟಾ ಮೆನುವಿನ ಫಿಲ್ಟರ್ ವ್ಯೂ ಬಳಸಿ, ಅದು ಹಾಕಿಕೊಂಡವರಿಗಷ್ಟೇ ಕಾಣುತ್ತದೆ.